ಇಂಟಿಗ್ರೇಷನ್ ಮತ್ತು ವರ್ಕ್‌ಫ್ಲೋ ಕೆಲಸ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪನಿಗಳ ಬೇರೆ ಬೇರೆ ಸಿಸ್ಟಂಗಳನ್ನು ಒಂದಕ್ಕೊಂದು ಜೋಡಿಸಿಕೊಡುವುದು ನನ್ನ ಕೆಲಸ. ಹೊಸಬರಿಗೆ ಅದನ್ನು ಕಲಿಸುತ್ತಲೂ ಇರುತ್ತೇನೆ. ಕ್ಲಾಸು ಮುಗಿದ ಮೇಲೆ, ಮೇಲ್‌ನಲ್ಲಿ, ವಾಟ್ಸಾಪ್‌ನಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಉದಾಹರಣೆಗಳನ್ನು ಹೆಚ್ಚಾಗಿ ಜಿಎಸ್‌ಟಿ ಇ-ಇನ್‌ವಾಯ್ಸಿನಿಂದ, ಅಂದರೆ ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸುವ ಪದ್ಧತಿಯಿಂದ, ತಗೊಂಡಿದ್ದೇನೆ. ನಮ್ಮಲ್ಲಿ ಬಹಳ ಕಂಪನಿಗಳು ದಿನಾ ನಡೆಸುವ ಇಂಟಿಗ್ರೇಷನ್ ಅದು.

## ಶುರುವಿನ ಪ್ರಶ್ನೆಗಳು

ಈ ಇಂಟಿಗ್ರೇಷನ್ ಅಂದ್ರೆ ಏನು ಕೆಲಸ? ಮನೇಲಿ ಕೇಳಿದ್ರೆ ಹೇಳೋಕೇ ಬರಲ್ಲ.

ಒಂದು ಕಾರ್ಖಾನೆಯನ್ನು ನೆನೆಸಿಕೊಳ್ಳಿ. ಲೆಕ್ಕಕ್ಕೆ ಒಂದು ಸಾಫ್ಟ್‌ವೇರ್, ಗೋಡೌನಿಗೆ ಇನ್ನೊಂದು, ಸಂಬಳಕ್ಕೆ ಮತ್ತೊಂದು. ಮೂರನ್ನೂ ಬೇರೆ ಬೇರೆಯವರು ಬೇರೆ ಬೇರೆ ಕಾಲದಲ್ಲಿ ಮಾಡಿದ್ದಾರೆ. ಒಂದರ ಭಾಷೆ ಇನ್ನೊಂದಕ್ಕೆ ಬರುವುದಿಲ್ಲ. ಗೋಡೌನಿನಿಂದ ಮಾಲು ಹೊರಡಬೇಕಾದರೆ ಬಿಲ್ಲು ಆಗಬೇಕು. ಆ ಬಿಲ್ಲು ಸರ್ಕಾರದ ಇನ್‌ವಾಯ್ಸ್ ನೋಂದಣಿ ಪೋರ್ಟಲ್‌ಗೆ ಹೋಗಿ ನಂಬರ್ ಪಡೆಯಬೇಕು. ಲಾರಿಗೆ ಇ-ವೇ ಬಿಲ್, ಅಂದರೆ ಆನ್‌ಲೈನಿನ ಸಾಗಣೆ ಪತ್ರ, ಬೇಕು. ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ ಅನ್ನು ಮೊದಲು ಜಾರಿಗೆ ತಂದದ್ದು ನಮ್ಮ ಕರ್ನಾಟಕವೇ, 2018ರ ಏಪ್ರಿಲ್ 1ರಂದು.

ಇಷ್ಟನ್ನೂ ಒಬ್ಬ ಗುಮಾಸ್ತರು ಒಂದು ಸ್ಕ್ರೀನ್ ನೋಡಿ ಇನ್ನೊಂದರಲ್ಲಿ ಟೈಪ್ ಮಾಡುತ್ತಾ ಕೂರಬಹುದು. ಹಾಗೆ ಕೂರಬೇಕಾಗದಂತೆ, ಸಿಸ್ಟಂಗಳೇ ಪರಸ್ಪರ ವಿಷಯ ಮುಟ್ಟಿಸುವಂತೆ ಮಾಡುವುದು ನಮ್ಮ ಕೆಲಸ. ಮನೆಯಲ್ಲಿ ಹೀಗೇ ಹೇಳಿ, ಅರ್ಥವಾಗುತ್ತದೆ.

ಎಪಿಐ ಕಾಲ್ ಮಾಡೋಕೆ ಬರುತ್ತೆ. ಅಷ್ಟು ಸಾಕಲ್ವಾ?

ಸಾಲದು. ಎಪಿಐ ಅಂದರೆ ಒಂದು ಸಿಸ್ಟಂ ಇನ್ನೊಂದರ ಜೊತೆ ಮಾತಾಡಲು ಇಟ್ಟಿರುವ ಬಾಗಿಲು. ಎರಡೂ ಕಡೆ ಎಲ್ಲ ಸರಿ ಇದ್ದಾಗ ಕಳಿಸಿ ಪಡೆಯುವ ಕೋಡನ್ನು ಅರ್ಧ ದಿನದಲ್ಲಿ ಬರೆಯಬಹುದು. ಉಳಿದ ತಿಂಗಳು ಹೋಗುವುದು ಬೇರೆ ವಿಷಯಕ್ಕೆ.

ನೀವು ಬಿಲ್ಲು ಕಳಿಸಿದಿರಿ. ಉತ್ತರ ಬರುವ ಮೊದಲೇ ನೆಟ್‌ವರ್ಕ್ ಕಡಿಯಿತು. ಆ ಕಡೆ ನೋಂದಣಿ ಆಯಿತೋ ಇಲ್ಲವೋ? ನಿಮಗೆ ಗೊತ್ತಿಲ್ಲ. ಮತ್ತೆ ಕಳಿಸಿದರೆ ಎರಡಾಗಬಹುದು. ಕಳಿಸದಿದ್ದರೆ ಒಂದೂ ಇಲ್ಲದೆ ಹೋಗಬಹುದು. ಈ "ಗೊತ್ತಿಲ್ಲ" ಅನ್ನುವ ಸ್ಥಿತಿಯನ್ನು ಸಂಭಾಳಿಸುವುದೇ ಇಂಟಿಗ್ರೇಷನ್ ಕೆಲಸದ ತಿರುಳು. ಯಾವ ಟೂಲ್ ಹಿಡಿದರೂ ಇದು ಬೆನ್ನು ಬಿಡುವುದಿಲ್ಲ. ಕೆಳಗಿನ ಎಷ್ಟೋ ಉತ್ತರಗಳು ತಿರುಗಿ ಇಲ್ಲಿಗೇ ಬಂದು ನಿಲ್ಲುತ್ತವೆ.

ಇಂಟಿಗ್ರೇಷನ್‌ಗೂ ವರ್ಕ್‌ಫ್ಲೋಗೂ ಏನು ವ್ಯತ್ಯಾಸ? ಕೆಲಸದ ಜಾಹೀರಾತಲ್ಲಿ ಎರಡನ್ನೂ ಸೇರಿಸಿ ಬರೀತಾರೆ.

ಜಮೀನು ಕೊಂಡವರಿಗೆ ಇದು ಬೇಗ ತಿಳಿಯುತ್ತದೆ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕ್ರಯಪತ್ರ ನೋಂದಣಿ ಆಗುವುದು ಕಾವೇರಿ ತಂತ್ರಾಂಶದಲ್ಲಿ. ಪಹಣಿ ಇರುವುದು ಭೂಮಿ ತಂತ್ರಾಂಶದಲ್ಲಿ. ನೋಂದಣಿಯ ವಿವರ ಕಾವೇರಿಯಿಂದ ಭೂಮಿಗೆ ಕಂಪ್ಯೂಟರ್ ಮೂಲಕವೇ ಹೋಗುತ್ತದೆ. ಅದು ಇಂಟಿಗ್ರೇಷನ್. ವಿಷಯ ಸರಿಯಾಗಿ ತಲುಪಿದರೆ ಅದರ ಪಾಲಿನ ಕೆಲಸ ಮುಗಿಯಿತು.

ಅಲ್ಲಿಂದ ಮ್ಯುಟೇಷನ್ ಶುರು. ನೋಟಿಸ್ ಹೊರಡಬೇಕು. ತಕರಾರಿಗೆ ಇಷ್ಟು ದಿನ ಅಂತ ಕಾಯಬೇಕು. ತಕರಾರು ಬರದಿದ್ದರೆ ಅಧಿಕಾರಿಯ ಒಪ್ಪಿಗೆ ಆಗಬೇಕು, ಬಂದರೆ ಪ್ರಕರಣ ತಹಶೀಲ್ದಾರರ ಮುಂದೆ ಹೋಗಬೇಕು. ಕೊನೆಗೆ ಪಹಣಿಯಲ್ಲಿ ಹೆಸರು ಬದಲಾಗಬೇಕು. ಇದು ದಿನಗಟ್ಟಲೆ ನಡೆಯುತ್ತದೆ. ನಡುನಡುವೆ ಮನುಷ್ಯರು ಇರುತ್ತಾರೆ. ಯಾವ ಅರ್ಜಿ ಎಲ್ಲಿ ನಿಂತಿದೆ ಎಂದು ಸಿಸ್ಟಂ ನೆನಪಿಟ್ಟುಕೊಂಡಿರಬೇಕು. ಇದು ವರ್ಕ್‌ಫ್ಲೋ.

ಒಂದಿಲ್ಲದೆ ಇನ್ನೊಂದು ನಡೆಯುವುದು ಕಷ್ಟ. ಅದಕ್ಕೇ ಜಾಹೀರಾತಿನಲ್ಲಿ ಎರಡನ್ನೂ ಕೇಳುತ್ತಾರೆ.

ನಾನು ಬಿ.ಕಾಂ. ಓದಿದ್ದು. ಕೋಡಿಂಗ್ ಅಷ್ಟಾಗಿ ಬರಲ್ಲ. ನನ್ನಿಂದ ಆಗುತ್ತಾ?

ಆಗುತ್ತದೆ. ಬಿಲ್ಲಿನ ಮೊತ್ತ ಇಳಿಸುವ ಕ್ರೆಡಿಟ್ ನೋಟ್ ಯಾವಾಗ ಹಾಕುತ್ತಾರೆ, ಮಾಲು ವಾಪಸ್ ಬಂದರೆ ಲೆಕ್ಕದಲ್ಲಿ ಏನಾಗುತ್ತದೆ ಅನ್ನುವುದು ನಿಮಗೆ ಗೊತ್ತಿರುತ್ತದೆ. ಇಂಜಿನಿಯರಿಂಗ್ ಮುಗಿಸಿ ಬಂದವರಿಗೆ ಅದನ್ನು ಕಲಿಸಲು ನನಗೆ ತಿಂಗಳುಗಳೇ ಬೇಕಾಗುತ್ತವೆ. ಆದರೆ ಕೋಡಿಂಗ್ ಇಲ್ಲದೆಯೇ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಡೇಟಾಬೇಸಿನಿಂದ ಮಾಹಿತಿ ಕೇಳುವ ಭಾಷೆ ಎಸ್‌ಕ್ಯೂಎಲ್ ಚೆನ್ನಾಗಿ ಬರಬೇಕು. ಜಾವಾ ಅಥವಾ ಪೈಥಾನ್, ಯಾವುದಾದರೂ ಒಂದು ಭಾಷೆಯಲ್ಲಿ ಫೈಲ್ ಓದಿ, ತಿದ್ದಿ, ಬೇರೆ ಕಡೆ ಕಳಿಸುವಷ್ಟು ಕೈ ಪಳಗಬೇಕು. ದಿನಕ್ಕೆ ಎರಡು ಗಂಟೆ ಬಿಡದೆ ಕೂತರೆ ಆರು ತಿಂಗಳಿಗೆ ಅಷ್ಟು ಬರುವುದನ್ನು ನಾನು ನೋಡಿದ್ದೇನೆ.

ಯಾವ ಟೂಲ್ ಕಲೀಲಿ? ಒಬ್ಬೊಬ್ರು ಒಂದೊಂದು ಹೇಳ್ತಾರೆ.

ಮೊದಲು ಟೂಲ್‌ಗಳ ಆಯುಷ್ಯ ನೋಡಿ. ಮೈಕ್ರೋಸಾಫ್ಟ್‌ನ ಬಿಜ್‌ಟಾಕ್ ಸರ್ವರ್ 2000ದಲ್ಲಿ ಬಂತು. ಎಷ್ಟೋ ಜನ ಅದರ ಮೇಲೇ ಜೀವನ ಕಟ್ಟಿಕೊಂಡರು. 2020ರ ಆವೃತ್ತಿಯೇ ಅದರ ಕೊನೆಯದು. ಅದಕ್ಕೆ ಬೆಂಬಲ 2030ರ ಏಪ್ರಿಲ್‌ಗೆ ಪೂರ್ತಿ ನಿಲ್ಲುತ್ತದೆ. ಕಂಪನಿಗಳಿಗೆ ಸಾಫ್ಟ್‌ವೇರ್ ಮಾಡುವ ಸ್ಯಾಪ್‌ನ ಇಂಥದ್ದೇ ಟೂಲ್ ಪ್ರೊಸೆಸ್ ಆರ್ಕೆಸ್ಟ್ರೇಷನ್‌ನ ಸಾಮಾನ್ಯ ಬೆಂಬಲ 2027ರ ಕೊನೆಗೆ ಮುಗಿಯುತ್ತದೆ. ಟೂಲ್ ಹೋಗುತ್ತದೆ, ಅದರೊಳಗಿನ ವಿಚಾರ ಉಳಿಯುತ್ತದೆ.

ಆ ವಿಚಾರಗಳನ್ನು ಗ್ರೆಗರ್ ಹೋಪ್ ಮತ್ತು ಬಾಬಿ ವುಲ್ಫ್ 2003ರಲ್ಲಿ 65 ಪ್ಯಾಟರ್ನ್‌ಗಳಾಗಿ, ಅಂದರೆ ಪದೇ ಪದೇ ಬಳಸಬಹುದಾದ ಮಾದರಿಗಳಾಗಿ, ಜೋಡಿಸಿ ಹೆಸರಿಟ್ಟರು. ದೊಡ್ಡ ಮೆಸೇಜನ್ನು ಬಿಡಿಸುವ ಸ್ಪ್ಲಿಟರ್, ಬಿಡಿ ಮೆಸೇಜುಗಳನ್ನು ಒಟ್ಟು ಮಾಡುವ ಅಗ್ರಿಗೇಟರ್, ಒಳಗಿನ ವಿಷಯ ನೋಡಿ ದಾರಿ ಹಿಡಿಸುವ ರೌಟರ್, ಇವೆಲ್ಲ ಅಲ್ಲಿಯವೇ. ಇವನ್ನು ಅದೇ ಹೆಸರಿನಲ್ಲಿ ಕೋಡ್ ಮಾಡಲು ಅನುವು ಮಾಡುವುದು ಅಪಾಚೆ ಕ್ಯಾಮೆಲ್. ಅದು ಉಚಿತ. ಸ್ಯಾಪ್‌ನ ಈಗಿನ ಕ್ಲೌಡ್ ಇಂಟಿಗ್ರೇಷನ್ ಒಳಗೆ ಓಡುವುದೂ ಕ್ಯಾಮೆಲ್ಲೇ.

ಹಾಗಾಗಿ ನನ್ನ ಸಲಹೆ: ಜಾವಾ ಸ್ವಲ್ಪ ಬಂದರೆ ಕ್ಯಾಮೆಲ್‌ನಿಂದ ಶುರು ಮಾಡಿ. ಈಗಾಗಲೇ ಕೆಲಸದಲ್ಲಿದ್ದರೆ ನಿಮ್ಮ ಕಂಪನಿಯಲ್ಲಿ ಏನಿದೆಯೋ ಅದನ್ನೇ ಕಲಿಯಿರಿ, ಮ್ಯೂಲ್‌ಸಾಫ್ಟ್ ಇರಲಿ, ಲಾಜಿಕ್ ಆಪ್ಸ್ ಇರಲಿ. ಒಂದನ್ನು ಆಳವಾಗಿ ಕಲಿತವರು ಎರಡನೆಯದಕ್ಕೆ ಬೇಗ ಹೊಂದಿಕೊಳ್ಳುತ್ತಾರೆ.

ದುಡ್ಡು ಕೊಟ್ಟು ಕೋರ್ಸ್ ಸೇರೋಕೆ ಆಗಲ್ಲ. ಮನೇಲೇ ಹೇಗೆ ಅಭ್ಯಾಸ ಮಾಡಲಿ?

ಒಂದು ಲ್ಯಾಪ್‌ಟಾಪ್ ಮತ್ತು ಬೇರೆ ಬೇರೆ ಸಾಫ್ಟ್‌ವೇರುಗಳನ್ನು ಒಂದೇ ಕಂಪ್ಯೂಟರಿನಲ್ಲಿ ಪ್ರತ್ಯೇಕವಾಗಿ ಓಡಿಸುವ ಡಾಕರ್ ಸಾಕು. ಡೇಟಾಬೇಸಿಗೆ ಪೋಸ್ಟ್‌ಗ್ರೆಸ್, ಮೆಸೇಜುಗಳು ಸಾಲಾಗಿ ಕಾಯುವ ಕ್ಯೂಗೆ ರ‍್ಯಾಬಿಟ್‌ಎಂಕ್ಯೂ, ಕ್ಯಾಮೆಲ್, ವರ್ಕ್‌ಫ್ಲೋಗೆ ಫ್ಲೋಯಬಲ್, ನಾಲ್ಕೂ ಉಚಿತ.

ಒಂದು ಕಿರಾಣಿ ಸಗಟು ಅಂಗಡಿಯ ಕಥೆ ಕಟ್ಟಿ. ಆರ್ಡರ್‌ಗಳು ಸಿಎಸ್‌ವಿ ಫೈಲಾಗಿ (ಅಲ್ಪವಿರಾಮದಿಂದ ಬೇರ್ಪಟ್ಟ ವಿವರಗಳ ಫೈಲಾಗಿ) ಒಂದು ಫೋಲ್ಡರಿಗೆ ಬರಲಿ. ಕ್ಯಾಮೆಲ್ ಅದನ್ನು ಓದಿ, ಒಂದೊಂದು ಸಾಲನ್ನೂ ಬೇರೆ ಮೆಸೇಜ್ ಮಾಡಿ, ಕ್ಯೂಗೆ ಹಾಕಲಿ. ಇನ್ನೊಂದು ಪ್ರೋಗ್ರಾಂ ಅದನ್ನು ತೆಗೆದು ಸ್ಟಾಕ್ ಕಡಿಮೆ ಮಾಡಲಿ. ಮೂರನೆಯದು ಬಿಲ್ಲು ನೋಂದಣಿ ಪೋರ್ಟಲ್ ಥರ ನಟಿಸುವ ಪುಟ್ಟ ಸರ್ವರ್. ಇ-ಇನ್‌ವಾಯ್ಸಿನ ಸ್ಕೀಮಾ, ಅಂದರೆ ಯಾವ ವಿವರ ಯಾವ ರೂಪದಲ್ಲಿ ಇರಬೇಕೆಂಬ ನಕ್ಷೆ, ಎಲ್ಲರಿಗೂ ಸಿಗುತ್ತದೆ, ಅದನ್ನೇ ಬಳಸಿ. 50,000 ರೂಪಾಯಿಗಿಂತ ಜಾಸ್ತಿ ಆರ್ಡರ್ ಬಂದರೆ ಮಾಲೀಕರ ಒಪ್ಪಿಗೆಗೆ ಕಾಯುವಂತೆ ಫ್ಲೋಯಬಲ್‌ನಲ್ಲಿ ಒಂದು ವರ್ಕ್‌ಫ್ಲೋ ಇಡಿ.

ಓಡಿತಾ? ಈಗ ಅದನ್ನು ಕೆಡಿಸಿ. ಅರ್ಧ ಫೈಲ್ ಓದಿದಾಗ ಕ್ಯೂ ನಿಲ್ಲಿಸಿ. ಅದೇ ಫೈಲನ್ನು ಎರಡು ಸಲ ಹಾಕಿ. ನಿಮ್ಮ ನಕಲಿ ಪೋರ್ಟಲ್ ಕೆಲಸ ಮುಗಿಸಿ ಉತ್ತರ ಮಾತ್ರ ಕೊಡದಂತೆ ಮಾಡಿ. ಪ್ರತಿ ಸಲವೂ ಸ್ಟಾಕ್ ಮತ್ತು ಬಿಲ್ಲುಗಳನ್ನು ಎಣಿಸಿ ತಾಳೆ ನೋಡಿ. ಮೊದಲ ಸಲ ತಾಳೆ ಆಗುವುದಿಲ್ಲ. ತಾಳೆ ಆಗುವವರೆಗೆ ಕೂರುವುದೇ ಕಲಿಕೆ. ಇಷ್ಟು ಕಲಿಸುವ ಕೋರ್ಸ್ ನನಗೆ ಇನ್ನೂ ಸಿಕ್ಕಿಲ್ಲ.

## ಕೈ ಹಾಕಿದ ಮೇಲೆ ಬರುವ ಪ್ರಶ್ನೆಗಳು

ಎಲ್ಲಾ ಕಡೆ ಜೇಸನ್ ಇರುವಾಗ ಎಕ್ಸ್‌ಎಂಎಲ್ ಇನ್ನೂ ಕಲೀಬೇಕಾ?

ಕಲಿಯಬೇಕು. ಎರಡೂ ಮಾಹಿತಿಯನ್ನು ಬರೆದು ಕಳಿಸುವ ರೂಪಗಳು. ಇ-ಇನ್‌ವಾಯ್ಸ್ ಜೇಸನ್‌ನಲ್ಲಿದೆ, ನಿಜ. ಆದರೆ ನೀವು ದಿನಾ ಮಾಡುವ ಯುಪಿಐ ಪಾವತಿಯ ಹಿಂದೆ ಬ್ಯಾಂಕುಗಳ ನಡುವೆ ಓಡಾಡುವುದು ಎಕ್ಸ್‌ಎಂಎಲ್ ಮೆಸೇಜುಗಳೇ. ಬ್ಯಾಂಕಿಂಗ್‌ನ ಮೆಸೇಜ್ ಮಾನದಂಡ ಐಎಸ್‌ಒ 20022 ಕೂಡ ಮುಖ್ಯವಾಗಿ ಎಕ್ಸ್‌ಎಂಎಲ್. ಸ್ಕೀಮಾ ಓದುವುದು, ಒಂದೇ ಹೆಸರಿನ ಭಾಗಗಳನ್ನು ಬೇರೆ ಮಾಡುವ ನೇಮ್‌ಸ್ಪೇಸ್ ಅರ್ಥ ಮಾಡಿಕೊಳ್ಳುವುದು, ಬೇಕಾದ ಭಾಗ ಹುಡುಕುವ ಎಕ್ಸ್‌ಪಾತ್ ಬರೆಯುವುದು, ಇಷ್ಟು ಬಂದರೆ ಸದ್ಯಕ್ಕೆ ಸಾಕು.

ನೇರವಾಗಿ ಕಾಲ್ ಮಾಡೋದು ಬಿಟ್ಟು ನಡುವೆ ಕ್ಯೂ ಯಾಕೆ ಇಡ್ತಾರೆ?

ಊರಿನ ಹಾಲಿನ ಡೈರಿ ನೋಡಿ. ಬೆಳಿಗ್ಗೆ ಹಾಲು ಕರೆದವರು ಸೊಸೈಟಿಗೆ ಬಂದು ಅಳೆದು ಕೊಟ್ಟು ಹೋಗುತ್ತಾರೆ. ಟ್ಯಾಂಕರ್ ಬರುವುದು ಅದರ ಹೊತ್ತಿಗೆ. ಟ್ಯಾಂಕರ್ ತಡವಾಯಿತು ಎಂದು ಯಾರೂ ಕ್ಯಾನ್ ಹಿಡಿದು ರಸ್ತೆಯಲ್ಲಿ ನಿಲ್ಲಬೇಕಿಲ್ಲ. ಹಾಲು ಕೂಲರ್‌ನಲ್ಲಿ ಇರುತ್ತದೆ. ಕ್ಯೂ ಅಂದರೆ ಆ ಕೂಲರ್. ಕಳಿಸುವವನೂ ಪಡೆಯುವವನೂ ಒಂದೇ ಹೊತ್ತಿಗೆ ಎದುರುಬದುರು ಇರಬೇಕಿಲ್ಲ. ಪೋರ್ಟಲ್ ಅರ್ಧ ಗಂಟೆ ಬಿದ್ದರೂ ನಿಮ್ಮ ಬಿಲ್ಲಿಂಗ್ ಕೌಂಟರ್ ನಿಲ್ಲುವುದಿಲ್ಲ.

ಹಾಲಿಗೆ ಇರುವಂತೆ ಮೆಸೇಜಿಗೂ ಕೆಡುವ ಹೊತ್ತು ಇರುತ್ತದೆ. ನಿನ್ನೆಯ ದರದ ಪಟ್ಟಿ ಇವತ್ತು ಮಧ್ಯಾಹ್ನ ತಲುಪಿದರೆ ತಪ್ಪು ದರಕ್ಕೆ ಮಾಲು ಹೋಗುತ್ತದೆ. ಪ್ರತಿ ಮೆಸೇಜಿಗೂ ಎಷ್ಟು ಹೊತ್ತು ಬೆಲೆ ಇದೆ ಎಂದು ವ್ಯವಹಾರದವರನ್ನು ಕೇಳಿಯೇ ತೀರ್ಮಾನಿಸಿ. ಗ್ರಾಹಕ ಎದುರು ನಿಂತು ಕಾಯುವ ಕಡೆ, ಉದಾಹರಣೆಗೆ ಸ್ಟಾಕ್ ಇದೆಯಾ ಎಂದು ನೋಡುವ ಕಡೆ, ನೇರ ಕಾಲ್ ಮಾಡುವುದೇ ಸರಿ.

ಒಂದೇ ಮೆಸೇಜ್ ಎರಡು ಸಲ ಬಂದ್ರೆ ಏನ್ ಮಾಡ್ಬೇಕು? ಹಾಗೆ ಬರೋದೇ ಇಲ್ಲ ಅಂತ ಮಾಡೋಕಾಗಲ್ವಾ?

ಬರುವುದೇ ಇಲ್ಲ ಎಂದು ಖಾತ್ರಿ ಮಾಡಲು ಆಗುವುದಿಲ್ಲ. ಬಂದರೂ ತೊಂದರೆ ಆಗದಂತೆ ಮಾಡಬಹುದು. ಈ ಪಾಠವನ್ನು ನಾನು ಪೆಟ್ಟು ತಿಂದು ಕಲಿತೆ.

ಶುರುವಿನ ವರ್ಷಗಳಲ್ಲಿ ಒಂದು ಬಿಡಿಭಾಗಗಳ ಕಂಪನಿಗೆ ಖರೀದಿ ಆರ್ಡರ್ ಕಳಿಸುವ ಫ್ಲೋ ಬರೆದಿದ್ದೆ. ನನ್ನ ಕೋಡ್ ಉತ್ತರಕ್ಕೆ ಕಾಯುತ್ತಿದ್ದದ್ದು 30 ಸೆಕೆಂಡು. ಒಂದು ರಾತ್ರಿ ಸರಬರಾಜುದಾರರ ಸಿಸ್ಟಂ ನಿಧಾನವಾಯಿತು. ಅದು ಆರ್ಡರ್ ತಗೊಂಡು, ಬರೆದಿಟ್ಟು, 40 ಸೆಕೆಂಡಿಗೆ ಉತ್ತರ ಕೊಡುತ್ತಿತ್ತು. ಅಷ್ಟರಲ್ಲಿ ನನ್ನ ಕೋಡ್ ಫೇಲ್ ಆಯಿತೆಂದುಕೊಂಡು ಮತ್ತೆ ಕಳಿಸಿತು. ಹಾಗೇ ಮೂರು ಸಲ. ಬೆಳಿಗ್ಗೆ ನೋಡಿದರೆ ಒಂದೊಂದು ಆರ್ಡರಿಗೂ ನಾಲ್ಕು ಆರ್ಡರ್. ಫೋನ್ ಮಾಡಿ ಒಂದೊಂದನ್ನೇ ರದ್ದು ಮಾಡಿಸಲು ಎರಡು ದಿನ ಹಿಡಿಯಿತು. ಕೋಡಿನಲ್ಲಿ ಒಂದು ಸಾಲೂ "ತಪ್ಪು" ಇರಲಿಲ್ಲ. ಎರಡನೇ ಸಲ ಬಂದದ್ದನ್ನು ಗುರುತಿಸುವ ಗುರುತೇ ಮೆಸೇಜಿನಲ್ಲಿ ಇರಲಿಲ್ಲ, ಅಷ್ಟೇ.

ಈಗ ಇ-ಇನ್‌ವಾಯ್ಸನ್ನು ನೋಡಿ. ಬಿಲ್ಲಿಗೆ ಸಿಗುವ ನೋಂದಣಿ ನಂಬರ್ ಐಆರ್‌ಎನ್ 64 ಅಕ್ಷರಗಳ ಒಂದು ಹ್ಯಾಶ್, ಅಂದರೆ ವಿವರಗಳಿಂದ ಲೆಕ್ಕ ಹಾಕಿ ತೆಗೆದ ಗುರುತು. ಮಾರುವವರ ಜಿಎಸ್‌ಟಿ ನೋಂದಣಿ ನಂಬರ್ (ಜಿಎಸ್‌ಟಿಐಎನ್), ಹಣಕಾಸು ವರ್ಷ, ದಾಖಲೆಯ ಬಗೆ, ದಾಖಲೆಯ ನಂಬರ್, ಈ ನಾಲ್ಕರಿಂದ ಅದು ಹುಟ್ಟುತ್ತದೆ. ಅದೇ ಬಿಲ್ಲನ್ನು ಹತ್ತು ಸಲ ಕಳಿಸಿದರೂ ಹ್ಯಾಶ್ ಅದೇ. ಎರಡನೇ ಸಲ ಪೋರ್ಟಲ್ "ಇದು ಈಗಾಗಲೇ ಇದೆ" ಎಂದು ಹೇಳುತ್ತದೆ. ಆ ಉತ್ತರವನ್ನು ಎರರ್ ಎಂದು ಬರೆದು ಬಿಟ್ಟುಬಿಡುವವರು ಜಾಸ್ತಿ. ನಿಜಕ್ಕೂ ಅದು ಒಳ್ಳೆಯ ಸುದ್ದಿ. ಮೊದಲ ಸಲವೇ ಕೆಲಸ ಆಗಿದೆ ಎಂದರ್ಥ. ಹಾಗಾಗಿ ಮೊದಲಿನ ಐಆರ್‌ಎನ್ ತರಿಸಿಕೊಂಡು ಮುಂದೆ ಹೋಗಿ.

ನಿಮ್ಮ ಫ್ಲೋಗೂ ಇದನ್ನೇ ಮಾಡಿ. ವ್ಯವಹಾರದಲ್ಲಿ ಬದಲಾಗದ ವಿವರಗಳಿಂದ ಒಂದು ಕೀ, ಅಂದರೆ ಗುರುತು, ಮಾಡಿ. ಪಡೆಯುವ ಕಡೆ ಅದೇ ಕೀ ಎರಡನೇ ಸಲ ಸೇರದಂತೆ ಆ ಕೀಗೆ ಯೂನಿಕ್ ಇಂಡೆಕ್ಸ್ ಹಾಕಿ. ಕೀ ಬರೆಯುವುದು ಮತ್ತು ಕೆಲಸ ಮಾಡುವುದು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಇರಲಿ, ಅಂದರೆ ಆದರೆ ಎರಡೂ ಆಗಲಿ, ಇಲ್ಲದಿದ್ದರೆ ಎರಡೂ ಬೇಡ. ಕಳಿಸುವಾಗಲೆಲ್ಲ ಹೊಸದಾಗಿ ಹುಟ್ಟುವ ರ‍್ಯಾಂಡಮ್ ನಂಬರನ್ನು ಕೀ ಮಾಡಿದರೆ ಏನೂ ಉಪಯೋಗವಿಲ್ಲ.

ಫೇಲ್ ಆದ್ರೆ ರಿಟ್ರೈ ಹಾಕ್ತೀವಿ. ಅಷ್ಟೇ ತಾನೆ?

ಯಾವ ಥರ ಫೇಲ್ ಅನ್ನುವುದು ಮುಖ್ಯ. ಆ ಕಡೆಯ ಸರ್ವರ್ ಬಿದ್ದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸುವುದರಲ್ಲಿ ಅರ್ಥವಿದೆ. ಕಾಯುವ ಹೊತ್ತನ್ನು 1, 2, 4, 8 ನಿಮಿಷ ಹೀಗೆ ದುಪ್ಪಟ್ಟು ಮಾಡುತ್ತಾ ಹೋಗಿ. ಇಲ್ಲದಿದ್ದರೆ ಏಳುತ್ತಿರುವ ಸರ್ವರನ್ನು ನೀವೇ ಮತ್ತೆ ಬೀಳಿಸುತ್ತೀರಿ. ಆದರೆ ಗ್ರಾಹಕರ ಜಿಎಸ್‌ಟಿಐಎನ್ ತಪ್ಪಿದ್ದರೆ ಸಾವಿರ ಸಲ ಕಳಿಸಿದರೂ ತಪ್ಪೇ. ಅಂಥದ್ದನ್ನು ತಕ್ಷಣ ಪಕ್ಕಕ್ಕೆ, ಅಂದರೆ ಡೆಡ್ ಲೆಟರ್ ಕ್ಯೂಗೆ ಸರಿಸಿ, ಸರಿ ಮಾಡಬಲ್ಲ ಮನುಷ್ಯರಿಗೆ ತಿಳಿಸಬೇಕು.

ಡೆಡ್ ಲೆಟರ್ ಕ್ಯೂ ಇಟ್ಟು ಅದನ್ನು ಯಾರೂ ನೋಡದಿರುವುದು ನಾನು ಅತಿ ಹೆಚ್ಚು ಕಂಡ ತಪ್ಪು. 10 ಕೋಟಿ ರೂಪಾಯಿ ಮತ್ತು ಅದಕ್ಕಿಂತ ಹೆಚ್ಚು ವಾರ್ಷಿಕ ವಹಿವಾಟು ಇರುವವರು 2025ರ ಏಪ್ರಿಲ್ 1ರಿಂದ ಬಿಲ್ಲಿನ ದಿನಾಂಕದಿಂದ 30 ದಿನದೊಳಗೆ ಅದನ್ನು ಪೋರ್ಟಲ್‌ಗೆ ಕಳಿಸಬೇಕು. ಪಕ್ಕಕ್ಕೆ ಸರಿದ ಬಿಲ್ಲನ್ನು ಒಂದು ತಿಂಗಳು ಮರೆತರೆ ಪೋರ್ಟಲ್ ಅದನ್ನು ತಗೊಳ್ಳುವುದೇ ಇಲ್ಲ. ಆ ಕ್ಯೂಗೆ ಒಬ್ಬ ಯಜಮಾನ ಇರಲಿ, ಹೆಸರು ಹಿಡಿದು.

ನಾವು ಸರಿಯಾಗೇ ಕಳಿಸಿದ್ದೀವಿ, ಆ ಕಡೆ ತಪ್ಪಾಗಿ ಬಂದಿದೆ ಅಂತಾರೆ. ಎಲ್ಲಿ ನೋಡಲಿ?

ಮೊದಲು ದಿನಾಂಕ ನೋಡಿ. 03/04/2025 ಅಂದರೆ ನಮಗೆ ಏಪ್ರಿಲ್ 3, ಅಮೆರಿಕದಲ್ಲಿ ತಯಾರಾದ ಸಾಫ್ಟ್‌ವೇರಿಗೆ ಮಾರ್ಚ್ 4. ಆಮೇಲೆ ಸಮಯ. ಏಪ್ರಿಲ್ 1ರ ಬೆಳಗಿನ ಜಾವ 2 ಗಂಟೆಗೆ ಆದ ಬಿಲ್ಲು ಅಂತರರಾಷ್ಟ್ರೀಯ ಸಮಯವಾದ ಯುಟಿಸಿಯಲ್ಲಿ ಮಾರ್ಚ್ 31ರ ರಾತ್ರಿ 8:30. ದಿನಾಂಕವನ್ನು ಯುಟಿಸಿಯಿಂದ ಕತ್ತರಿಸಿ ತೆಗೆದರೆ ಹಣಕಾಸು ವರ್ಷವೇ ಬದಲಾಗಿಬಿಡುತ್ತದೆ. ಇದನ್ನು ಏಪ್ರಿಲ್ ಬರುವವರೆಗೆ ಯಾರೂ ಗಮನಿಸುವುದಿಲ್ಲ.

ಮೂರನೆಯದು ಮುಂದಿನ ಸೊನ್ನೆಗಳು. 00012345 ಅನ್ನುವ ಐಟಂ ಕೋಡ್ ನಡುವೆ ಯಾರೋ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದರೆ 12345 ಆಗುತ್ತದೆ. ಕೋಡ್, ಫೋನ್ ನಂಬರ್, ಪಿನ್‌ಕೋಡ್, ಇವುಗಳನ್ನು ಯಾವತ್ತೂ ಅಕ್ಷರಗಳಾಗಿಯೇ ಇಡಿ. ಲೆಕ್ಕ ಮಾಡದ ನಂಬರ್ ನಂಬರಲ್ಲ.

ಕನ್ನಡದ ಹೆಸರುಗಳು ಆ ಕಡೆ ಹೋದಾಗ ಬರೀ ಪ್ರಶ್ನೆ ಗುರುತು ಆಗ್ತವೆ. ಯಾಕೆ?

ನನಗೆ ಬಹಳ ಹತ್ತಿರದ ಪ್ರಶ್ನೆ ಇದು. ಯಾಕೆಂದರೆ ಅದು ಯಾರದೋ ಹೆಸರು. ರೇಷನ್ ಕಾರ್ಡಿನಲ್ಲೋ ಪಹಣಿಯಲ್ಲೋ ಹೆಸರು ಕೆಟ್ಟರೆ ಓಡಾಡಬೇಕಾದವರು ಅವರು.

ಪ್ರಶ್ನೆ ಗುರುತು ಬಂದರೆ ದಾರಿಯಲ್ಲಿ ಯಾವುದೋ ಒಂದು ಕಡೆ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಪದ್ಧತಿ) ಗೊತ್ತಿಲ್ಲದ ಕಾಲಂ ಅಥವಾ ಕನೆಕ್ಷನ್ ಇದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಯೂನಿಕೋಡ್ ಹಿಡಿಸುವ ಎನ್‌ವಾರ್‌ಚಾರ್ ಬದಲು ವಾರ್‌ಚಾರ್ ಇಟ್ಟಿರುವುದು ಸಾಮಾನ್ಯ ಕಾರಣ. ಒಮ್ಮೆ ಪ್ರಶ್ನೆ ಗುರುತಾಗಿ ಸೇವ್ ಆದರೆ ಮೂಲ ಅಕ್ಷರ ಅಲ್ಲಿಂದ ವಾಪಸ್ ಬರುವುದಿಲ್ಲ.

ಹೆಸರು ಅರ್ಧಕ್ಕೆ ಕಡಿದರೆ ಉದ್ದದ ಲೆಕ್ಕ ನೋಡಿ. "ಕೃಷ್ಣಪ್ಪ" ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಎಂಟು ಸಂಕೇತ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟ್, ಒಟ್ಟು 24. ಇಂಗ್ಲಿಷ್ ಹೆಸರಿಗೆ ಧಾರಾಳವಾದ 20 ಬೈಟ್‌ನ ಫೀಲ್ಡ್ ಇಲ್ಲಿ ಸಾಲುವುದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. "ಗೋಪಾಲ"ದ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಸ್ಕ್ರೀನ್ ಮೇಲೆ ಎರಡೂ ಒಂದೇ, ಹೋಲಿಸಿದರೆ ಬೇರೆ. ಹೆಸರು ತಾಳೆ ನೋಡುವ ಮೊದಲು ಎರಡೂ ಕಡೆಯದನ್ನು ಜೋಡಣೆಯನ್ನು ಒಂದೇ ಸಂಕೇತ ಮಾಡುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ದಾಖಲೆ ಇದ್ದರೆ ಅದು ಯೂನಿಕೋಡೇ ಅಲ್ಲ. ಮೊದಲು ಪರಿವರ್ತನೆ ಮಾಡಿ, ಆಮೇಲೆ ಮನುಷ್ಯರಿಂದ ಓದಿಸಿ.

## ಆಳಕ್ಕೆ ಇಳಿದವರ ಪ್ರಶ್ನೆಗಳು

ಮೂರರಲ್ಲಿ ಎರಡು ಸಿಸ್ಟಂ ಆಯ್ತು, ಮೂರನೇದು ಫೇಲ್. ರೋಲ್‌ಬ್ಯಾಕ್ ಹೇಗೆ ಮಾಡೋದು?

ಡೇಟಾಬೇಸ್‌ನ ಅರ್ಥದ ರೋಲ್‌ಬ್ಯಾಕ್, ಅಂದರೆ ಏನೂ ಆಗದ ಹಾಗೆ ಹಿಂದಕ್ಕೆ ತರುವುದು, ಇಲ್ಲಿ ಇಲ್ಲ. ಆಗಿದ್ದು ಆಗಿದೆ. ಅದಕ್ಕೆ ಎದುರಾದ ಇನ್ನೊಂದು ಕೆಲಸ ಮಾಡಬೇಕು. ಈ ಪದ್ಧತಿಗೆ ಸಾಗಾ ಎಂದು ಹೆಸರು. ಹೆಕ್ಟರ್ ಗಾರ್ಸಿಯಾ-ಮೊಲಿನಾ ಮತ್ತು ಕೆನೆತ್ ಸೇಲಂ 1987ರಲ್ಲೇ ಇದರ ಬಗ್ಗೆ ಬರೆದಿದ್ದರು.

ಯುಪಿಐನಲ್ಲಿ ದುಡ್ಡು ಕಟ್ ಆಗಿ ಆ ಕಡೆ ತಲುಪದೆ ಹೋದದ್ದು ನಿಮಗೂ ಆಗಿರುತ್ತದೆ, ಅಲ್ವಾ? ಆಗ ಪಾಸ್‌ಬುಕ್ ನೋಡಿ. ಕಟ್ ಆದ ಸಾಲನ್ನು ಯಾರೂ ಅಳಿಸುವುದಿಲ್ಲ. ಕೆಳಗೆ ವಾಪಸ್ ಬಂದ ಇನ್ನೊಂದು ಸಾಲು ಬರುತ್ತದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ ಸುತ್ತೋಲೆಯಲ್ಲಿ ಇದಕ್ಕೆ ಗಡುವನ್ನೂ ಹಾಕಿತು. ಒಬ್ಬರಿಂದ ಒಬ್ಬರಿಗೆ ಕಳಿಸಿದ ಹಣವಾದರೆ ಮರುದಿನದೊಳಗೆ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಎದುರು ಕೆಲಸ ಏನು, ಎಷ್ಟು ಹೊತ್ತಿನೊಳಗೆ, ತಪ್ಪಿದರೆ ಏನು, ಈ ಮೂರನ್ನೂ ಮೊದಲೇ ಬರೆದಿಡುವುದು ಹೇಗೆ ಎಂಬುದಕ್ಕೆ ಇದು ಒಳ್ಳೆಯ ಮಾದರಿ.

ಇ-ಇನ್‌ವಾಯ್ಸ್ ಇನ್ನೂ ಹೆಚ್ಚು ಕಲಿಸುತ್ತದೆ. ಐಆರ್‌ಎನ್ ಪಡೆದ 24 ಗಂಟೆಯೊಳಗೆ ಪೋರ್ಟಲ್‌ನಲ್ಲಿ ರದ್ದು ಮಾಡಬಹುದು. ಆಮೇಲೆ ಆಗುವುದಿಲ್ಲ, ಕ್ರೆಡಿಟ್ ನೋಟ್ ಹಾಕಬೇಕು. ಅಂದರೆ ಹೊತ್ತು ಕಳೆದ ಹಾಗೆ ಎದುರು ಕೆಲಸವೇ ಬದಲಾಗುತ್ತದೆ. ಇ-ವೇ ಬಿಲ್ ಚಾಲ್ತಿಯಲ್ಲಿದ್ದರೆ ಮೊದಲು ಅದನ್ನು ರದ್ದು ಮಾಡಿ, ಆಮೇಲೆ ಐಆರ್‌ಎನ್ ರದ್ದು ಮಾಡಬೇಕು. ಅಂದರೆ ಹೋದ ದಾರಿಯಲ್ಲೇ ಹಿಂದಕ್ಕೆ ಬರಬೇಕು. ರದ್ದಾದ ಬಿಲ್ಲಿನ ನಂಬರನ್ನು ಮತ್ತೆ ಬಳಸುವಂತಿಲ್ಲ. ಈ ನಿಯಮಗಳನ್ನು ಗೊತ್ತು ಮಾಡಿಕೊಳ್ಳದೆ ಫ್ಲೋ ಚಿತ್ರ ಬರೆಯಲು ಕೂರಬೇಡಿ. ಕೇಳಬೇಕಾದ್ದು ಲೆಕ್ಕದ ವಿಭಾಗದವರನ್ನು.

ಡೇಟಾಬೇಸ್‌ನಲ್ಲಿ ಸೇವ್ ಆಗುತ್ತೆ, ಕ್ಯೂಗೆ ಮಾತ್ರ ಕೆಲವು ಸಲ ಹೋಗಲ್ಲ. ಯಾಕೆ?

ಎರಡೂ ಬೇರೆ ಬೇರೆ ಸಿಸ್ಟಂ. ಮೊದಲನೆಯದಕ್ಕೆ ಬರೆದು ಎರಡನೆಯದಕ್ಕೆ ಬರೆಯುವ ನಡುವೆ ಪ್ರೋಗ್ರಾಂ ನಿಂತರೆ ಹೀಗಾಗುತ್ತದೆ. ಉಪಾಯ ಸುಲಭ. ಕಳಿಸಬೇಕಾದ ಮೆಸೇಜನ್ನೂ ಅದೇ ಡೇಟಾಬೇಸ್‌ನ ಇನ್ನೊಂದು ಟೇಬಲ್‌ಗೆ, ಅದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಯಿರಿ. ಬೇರೊಂದು ಪುಟ್ಟ ಪ್ರೋಗ್ರಾಂ ಆ ಟೇಬಲ್ ನೋಡಿ ಕ್ಯೂಗೆ ಹಾಕಲಿ. ಇದನ್ನು ಔಟ್‌ಬಾಕ್ಸ್ ಅನ್ನುತ್ತಾರೆ. ಆ ಪುಟ್ಟ ಪ್ರೋಗ್ರಾಂ ಕೆಲವು ಸಲ ಎರಡು ಬಾರಿ ಕಳಿಸಬಹುದು. ಪಡೆಯುವ ಕಡೆ ಕೀ ಇದ್ದರೆ ಅದರಿಂದ ತೊಂದರೆ ಇಲ್ಲ.

ಬಿಪಿಎಂಎನ್ ಚಿತ್ರ ದೊಡ್ಡದಾಗ್ತಾ ಹೋಗಿ ಈಗ ಯಾರಿಗೂ ಅರ್ಥ ಆಗ್ತಿಲ್ಲ. ಏನು ಮಾಡೋದು?

ಬಿಪಿಎಂಎನ್ ಅಂದರೆ ವರ್ಕ್‌ಫ್ಲೋದ ಹಂತಗಳನ್ನು ಚಿತ್ರವಾಗಿ ಬರೆಯುವ ಪದ್ಧತಿ. 2011ರಲ್ಲಿ ಬಿಪಿಎಂಎನ್ 2.0 ಬಂದ ಮೇಲೆ ವ್ಯವಹಾರದವರು ನೋಡುವ ಚಿತ್ರವನ್ನೇ ಇಂಜಿನ್ (ವರ್ಕ್‌ಫ್ಲೋ ನಡೆಸುವ ಸಾಫ್ಟ್‌ವೇರ್) ಓಡಿಸುವಂತಾಯಿತು. ಹಾಗಾಗಿ ಚಿತ್ರ ಇಬ್ಬರಿಗೂ ಓದಲು ಬರಬೇಕು. ವ್ಯವಹಾರದವರು "ಹಂತ" ಎಂದು ಕರೆಯುವುದನ್ನು ಮಾತ್ರ ಡಬ್ಬಿ ಮಾಡಿ. ಜೇಸನ್ ತಿದ್ದುವುದು, ರಿಟ್ರೈ, ಲಾಗ್ ಬರೆಯುವುದು ಇವೆಲ್ಲ ಕೋಡಿನೊಳಗೆ ಹೋಗಲಿ. ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಚಿತ್ರವನ್ನು ಪ್ರಿಂಟ್ ತೆಗೆದು, ಆ ಕೆಲಸ ದಿನಾ ಮಾಡುವ ಗುಮಾಸ್ತರ ಮುಂದೆ ಇಡುತ್ತೇನೆ. ಅವರು ಬೆರಳಿಟ್ಟು "ಇಲ್ಲಿ ತಪ್ಪಿದೆ, ನಾವು ಹೀಗೆ ಮಾಡಲ್ಲ" ಎಂದು ಹೇಳಬಲ್ಲರಾದರೆ ಚಿತ್ರ ಸರಿಯಾದ ಗಾತ್ರದಲ್ಲಿದೆ.

ನೂರಾರು ಅರ್ಜಿ ನಡುವೆ ನಿಂತಿರುವಾಗ ವರ್ಕ್‌ಫ್ಲೋದ ಹೊಸ ವರ್ಷನ್ ಹಾಕೋದು ಹೇಗೆ?

ಫ್ಲೋಯಬಲ್ ಥರದ ಇಂಜಿನ್‌ಗಳಲ್ಲಿ ಹಳೆಯ ಅರ್ಜಿ ಹಳೆಯ ವರ್ಷನ್‌ನಲ್ಲೇ ಸಾಗುತ್ತದೆ, ಹೊಸ ಅರ್ಜಿ ಹೊಸದರಲ್ಲಿ ಶುರುವಾಗುತ್ತದೆ. ಹೆಚ್ಚಿನ ಸಲ ಅದೇ ಸರಿ. ಆದರೆ ಕಾನೂನು ಬದಲಾದರೆ ನಿಂತಿರುವ ಅರ್ಜಿಗೂ ಹೊಸ ನಿಯಮ ಬೇಕಾಗಬಹುದು. ಆಗ ಯಾವ ಹಳೆಯ ಹಂತ ಯಾವ ಹೊಸ ಹಂತಕ್ಕೆ ಸಮ ಎಂದು ಪಟ್ಟಿ ಮಾಡಿ ಸಾಗಿಸಬೇಕು. ಟೆಂಪೋರಲ್ ಅನ್ನುವ ಇನ್ನೊಂದು ಇಂಜಿನ್‌ನಲ್ಲಿ ವರ್ಕ್‌ಫ್ಲೋ ಅಂದರೆ ಕೋಡೇ. ಅದು ಹಳೆಯ ಘಟನೆಗಳನ್ನು ಮತ್ತೆ ಓಡಿಸಿ ಸ್ಥಿತಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ನಡುವೆ ಸುಮ್ನೆ ಸಾಲು ಬದಲಾಯಿಸಿದರೆ ಓಡುತ್ತಿರುವುದು ಮುರಿಯುತ್ತದೆ.

ಪದೇ ಪದೇ ಬದಲಾಗುವ ಅಂಕಿಯನ್ನು ಚಿತ್ರದೊಳಗೆ ಬರೆಯಲೇಬೇಡಿ. ಇ-ಇನ್‌ವಾಯ್ಸ್ 2020ರ ಅಕ್ಟೋಬರ್ 1ರಂದು ಶುರುವಾದಾಗ 500 ಕೋಟಿಗಿಂತ ಹೆಚ್ಚು ವಹಿವಾಟಿನವರಿಗೆ ಮಾತ್ರ ಇತ್ತು. ಆಮೇಲೆ 100, 50, 20, 10 ಕೋಟಿಗೆ ಇಳಿದು, 2023ರ ಆಗಸ್ಟ್ 1ಕ್ಕೆ 5 ಕೋಟಿಗೆ ಬಂತು. ಮೂರು ವರ್ಷದೊಳಗೆ ಐದು ಬದಲಾವಣೆ. ಅಂಕಿಯನ್ನು ಹೊರಗಿನ ಟೇಬಲ್‌ನಲ್ಲಿ, "ಯಾವ ದಿನದಿಂದ" ಅನ್ನುವ ಕಾಲಂ ಜೊತೆ ಇಟ್ಟಿದ್ದವರು ಒಂದು ಸಾಲು ಸೇರಿಸಿ ಮನೆಗೆ ಹೋದರು.

ಕಾಫ್ಕಾ ಬಂದ್ಮೇಲೆ ಇಎಸ್‌ಬಿ, ಕ್ಯೂ ಎಲ್ಲಾ ಹಳೇದಾಯ್ತಾ?

ಇಲ್ಲ. ಇಎಸ್‌ಬಿ ಅಂದರೆ ಎಲ್ಲ ಸಿಸ್ಟಂಗಳನ್ನೂ ನಡುವಿನ ಒಂದೇ ಸಾಫ್ಟ್‌ವೇರ್ ಮೂಲಕ ಜೋಡಿಸುವುದು. ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ 2011ರಲ್ಲಿ ಎಲ್ಲರಿಗೂ ತೆರೆದ ಕಾಫ್ಕಾ ಒಂದು ದಿನಚರಿ ಪುಸ್ತಕದ ಹಾಗೆ. ಬರೆದದ್ದು ನಿಗದಿ ಕಾಲದವರೆಗೆ ಉಳಿಯುತ್ತದೆ, ಯಾರು ಬೇಕಾದರೂ ಮತ್ತೆ ಓದಬಹುದು. ಸಾಮಾನ್ಯ ಕ್ಯೂನಲ್ಲಿ ಒಬ್ಬರು ತಗೊಂಡರೆ ಮೆಸೇಜ್ ಮುಗಿಯಿತು. ಒಂದೇ ಘಟನೆ ಹತ್ತು ಕಡೆಗೆ ಬೇಕಾದಾಗ, ಪ್ರಮಾಣ ಬಹಳ ಇದ್ದಾಗ ಕಾಫ್ಕಾ ಒಳ್ಳೆಯದು. ದಿನಕ್ಕೆ 2,000 ಬಿಲ್ಲು ಕಳಿಸುವ ಕಂಪನಿಗೆ ರ‍್ಯಾಬಿಟ್‌ಎಂಕ್ಯೂ ಸಾಕಷ್ಟಾಯಿತು. ನೋಡಿಕೊಳ್ಳುವ ಜನ ಇಲ್ಲದ ಕಡೆ ಕಾಫ್ಕಾ ಹಾಕಿಸಬೇಡಿ ಎಂದು ನಾನು ನೇರವಾಗಿ ಹೇಳುತ್ತೇನೆ.

"ನನ್ನ ಆರ್ಡರ್ ಎಲ್ಲಿ ಹೋಯ್ತು" ಅಂತ ಕೇಳಿದ್ರೆ ಐದು ಸಿಸ್ಟಂಗಳ ಲಾಗ್ ಹುಡುಕ್ಬೇಕು. ಬೇರೆ ದಾರಿ ಇಲ್ವಾ?

ರಾಜ್ಯ ಸರ್ಕಾರದ ಸಕಾಲ ಯೋಜನೆಯಲ್ಲಿ ಅರ್ಜಿ ಹಾಕಿದವರಿಗೆ ಗೊತ್ತು. ಅರ್ಜಿ ಕೊಟ್ಟ ಕೂಡಲೇ ಜಿಎಸ್‌ಸಿ ನಂಬರ್ ಇರುವ ಸ್ವೀಕೃತಿ ಸಿಗುತ್ತದೆ. ಅರ್ಜಿ ಯಾರ ಟೇಬಲ್‌ಗೆ ಹೋದರೂ ನಂಬರ್ ಅದೇ. ಅದನ್ನು ಹಿಡಿದು ಸ್ಥಿತಿ ಕೇಳಬಹುದು. ನಿಮ್ಮ ಮೆಸೇಜಿಗೂ ಹುಟ್ಟಿದ ಜಾಗದಲ್ಲೇ ಅಂಥ ಒಂದು ನಂಬರ್ ಕೊಡಿ. ಪ್ರತಿ ಸಿಸ್ಟಂ ಅದನ್ನು ಮುಂದಕ್ಕೆ ದಾಟಿಸಲಿ, ಪ್ರತಿ ಲಾಗ್ ಸಾಲಿನಲ್ಲೂ ಬರೆಯಲಿ. ಓಪನ್‌ಟೆಲಿಮೆಟ್ರಿ ಅನ್ನುವ ಟೂಲ್ ಈ ಕೆಲಸವನ್ನು ಸುಲಭ ಮಾಡುತ್ತದೆ.

ಇದರ ಜೊತೆ ದಿನಕ್ಕೊಮ್ಮೆ ತಾಳೆ ನೋಡುವ ಒಂದು ರಿಪೋರ್ಟ್ ಇಡಿ. ಇಲ್ಲಿಂದ ಹೋದದ್ದು ಎಷ್ಟು, ಅಲ್ಲಿ ಬಂದದ್ದು ಎಷ್ಟು, ಮೊತ್ತ ಎಷ್ಟು. ಎಲ್ಲಾ ಅಲಾರಂಗಳೂ ಸುಮ್ಮನಿದ್ದಾಗ ತಪ್ಪು ಹಿಡಿದುಕೊಟ್ಟದ್ದು ನನಗೆ ಯಾವತ್ತೂ ಈ ರಿಪೋರ್ಟೇ.

ಮ್ಯಾಪಿಂಗ್ ಎಲ್ಲಾ ಎಐ ಬರೆಯುತ್ತೆ ಅಂತಾರೆ. ಈಗ ಈ ಕೆಲಸ ಕಲಿಯೋದು ಸರೀನಾ?

ಈ ಕಡೆಯ ಯಾವ ವಿವರ ಆ ಕಡೆಯ ಯಾವುದಕ್ಕೆ ಎಂದು ಹೊಂದಿಸುವ ಮ್ಯಾಪಿಂಗ್‌ನ ಮೊದಲ ಕರಡನ್ನು ನಾನೂ ಎಐನಿಂದ ಬರೆಸುತ್ತೇನೆ. ಬೇಸರದ ಕೆಲಸ ಅದು, ಹೋದರೆ ಒಳ್ಳೆಯದೇ. ಆದರೆ ಈ ಕಡೆಯ "ಡೆಲಿವರಿ ದಿನಾಂಕ" ಅಂದರೆ ಮಾಲು ಹೊರಟ ದಿನವೋ ತಲುಪಿದ ದಿನವೋ ಅನ್ನುವುದು ಎರಡೂ ಸ್ಕೀಮಾದಲ್ಲಿ ಬರೆದಿರುವುದಿಲ್ಲ. ಅದು ಗೋಡೌನಿನ ಸೂಪರ್‌ವೈಸರ್ ತಲೆಯಲ್ಲಿರುತ್ತದೆ. ಹೋಗಿ ಕೇಳಬೇಕು. ಎಐ ಎರಡಕ್ಕೂ ಒಂದೇ ಹೆಸರು ಕಂಡು ಗೆರೆ ಎಳೆದಿರುತ್ತದೆ. ನೋಡಲು ಸರಿಯಾಗೇ ಕಾಣುತ್ತದೆ. ಹಾಗಾಗಿ ಕಲಿಯಿರಿ. ವಾಕ್ಯರಚನೆಗೆ ಕಡಿಮೆ ಹೊತ್ತು, ವ್ಯವಹಾರ ಅರ್ಥ ಮಾಡಿಕೊಳ್ಳುವುದಕ್ಕೆ ಜಾಸ್ತಿ ಹೊತ್ತು ಕೊಡಿ.

ಇಂಟರ್‌ವ್ಯೂನಲ್ಲಿ ಏನು ಕೇಳ್ತಾರೆ? ಸರ್ಟಿಫಿಕೇಟ್ ಬೇಕೇ ಬೇಕಾ?

ಸರ್ಟಿಫಿಕೇಟ್ ಇದ್ದರೆ ಇಂಟರ್‌ವ್ಯೂವರೆಗೆ ಕರೆ ಬರಲು ಸಹಾಯ. ಒಳಗೆ ಕೂತ ಮೇಲೆ ನಾನು ಅದನ್ನು ನೋಡುವುದಿಲ್ಲ. ಒಂದು ಪೆನ್ನು ಕೊಟ್ಟು, ನೀವು ಮಾಡಿದ ಯಾವುದಾದರೂ ಫ್ಲೋ ಬೋರ್ಡಿನ ಮೇಲೆ ಬರೆಯಿರಿ ಅನ್ನುತ್ತೇನೆ. ಮನೆಯಲ್ಲಿ ಕಟ್ಟಿದ ಕಿರಾಣಿ ಅಂಗಡಿಯ ಫ್ಲೋ ಆದರೂ ಸರಿ. ಬರೆದಾದ ಮೇಲೆ ಒಂದು ಬಾಣದ ಮೇಲೆ ಬೆರಳಿಟ್ಟು, "ಇಲ್ಲಿ ಕಡಿಯಿತು. ಈಗ ಯಾರಿಗೆ ಏನು ಗೊತ್ತಿದೆ?" ಎಂದು ಕೇಳುತ್ತೇನೆ. ಆಮೇಲೆ ಮುಂದಿನ ಬಾಣ. ಪ್ರತಿ ಬಾಣಕ್ಕೂ ಉತ್ತರ ಕೊಟ್ಟವರು ಇಲ್ಲಿಯವರೆಗೆ ನನಗೆ ಸಿಕ್ಕಿರುವುದು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಇಬ್ಬರು ಬಿ.ಕಾಂ.